ಮಾಡಬಾರದಿದ್ದ ರೊಟ್ಟಿ

ಗುಟ್ಟಾಗಿ ಒಳ್ಳೆಯ ಕೆಲಸ ಮಾಡುವುದು ನನ್ನಿಂದಾಗದ ಮಾತು. ಮಾಡಿ ಮುಗಿಯುವ ಮೊದಲೇ, ಯಾರಾದರೂ ನೋಡಿದರೇ ಎಂದು ಕತ್ತು ತಾನಾಗಿ ತಿರುಗುತ್ತದೆ. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದಾಗ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಪಾದ್ರಿಗಳು ಒಮ್ಮೆ, “ದಿನಕ್ಕೊಂದು ಪ್ರೀತಿಯ ಕೆಲಸ ಮಾಡಿ, ಪ್ರತಿಯಾಗಿ ಒಂದು ನಗೆಯನ್ನೂ ಬಯಸಬೇಡಿ” ಎಂದರು. ಮರುದಿನವೇ ಬಸ್ಸಿನಲ್ಲಿ ಒಬ್ಬ ಹೆಂಗಸಿಗೆ ಸೀಟು ಬಿಟ್ಟುಕೊಟ್ಟೆ. ಆಕೆ ನನ್ನ ಮುಖವನ್ನೂ ನೋಡದೆ ಕೂತು ಕಿಟಕಿಯಾಚೆ ನೋಡತೊಡಗಿದರು. ಆಫೀಸು ಬರುವವರೆಗೂ ಒಳಗೇ ಕುದಿಯುತ್ತ ನಿಂತಿದ್ದೆ. ನನ್ನ ನಿಸ್ವಾರ್ಥ ಪ್ರೀತಿ ಬೇಸಿಗೆಯ ಹಾಲಿನಂತೆ, ಬಹಳ ಹೊತ್ತು ಇರುವುದಿಲ್ಲ.

ಆಗ ನಾನಿದ್ದದ್ದು ಅಮ್ಮಚ್ಚಿಯ ಮನೆಯ ಮಹಡಿಯಲ್ಲಿ, ಬಾಡಿಗೆಗೆ. ಕೆಳಗೆ ಮನೆಯೊಡತಿ ಅಮ್ಮಚ್ಚಿ, ಅವರ ಗಂಡ ಅಪ್ಪಚ್ಚನ್, ಶಾಲೆಯಲ್ಲಿ ಟೀಚರಾಗಿದ್ದ ಮಗಳು ಲಿಸಿ. ಬೆಟಗೇರಿಯ ನಮ್ಮ ಮನೆಯವರೂ ಮೂರು ತಲೆಮಾರಿನಿಂದ ಕ್ರೈಸ್ತರೇ. ಆದರೆ ಶುಭ ಶುಕ್ರವಾರದ ಹಿಂದಿನ ದಿನ ಇಲ್ಲಿನ ಮಲಯಾಳಿ ಕ್ರೈಸ್ತರು ಮನೆಮನೆಯಲ್ಲಿ ಮುರಿಯುವ ಪೆಸಹಾ ಅಪ್ಪ ನನಗೆ ಹೊಸದು. ಅಕ್ಕಿ, ಉದ್ದು, ತೆಂಗಿನಕಾಯಿ ರುಬ್ಬಿ, ಹುಳಿ ಬರಿಸದೆ ಬೇಯಿಸುವ ಅಪ್ಪ. ಜೊತೆಗೆ ಬೆಲ್ಲ ಹಾಕಿದ ತೆಂಗಿನ ಹಾಲು. ಹಿರಿಯರು ಪ್ರಾರ್ಥಿಸಿ, ಮುರಿದು, ವಯಸ್ಸಿನ ಪ್ರಕಾರ ಒಬ್ಬೊಬ್ಬರಿಗೆ ಕೊಡುತ್ತಾರೆ. ಎರಡು ವರ್ಷ ಅಪ್ಪಚ್ಚನ್ ನನ್ನನ್ನೂ ಕೆಳಗೆ ಕರೆದು ಕೊನೆಯ ತುಂಡು, ಕಿರಿಯಳ ತುಂಡು, ಕೊಟ್ಟಿದ್ದರು. ಕೆಲಸಕ್ಕೆ ಹೋಗುವ ವಯಸ್ಸಿನಲ್ಲಿ ಒಂದು ಮನೆಯ ಕಿರಿಯಳಾಗುವ ಸುಖ ಎಷ್ಟು ಜನಕ್ಕೆ ಸಿಗುತ್ತದೆ? ವರ್ಷವಿಡೀ ಅದಕ್ಕಾಗಿ ಕಾಯುತ್ತಿದ್ದೆ. ಆದರೂ ಒಂದು ಅನುಮಾನ ಕೊರೆಯುತ್ತಿತ್ತು. ಅದು ಮಗಳಿಗೆ ಕೊಟ್ಟದ್ದೋ, ಮಹಡಿಯ ಬಾಡಿಗೆಯವಳಿಗೆ ಕೊಟ್ಟದ್ದೋ? ಕೇಳುವುದಾದರೂ ಹೇಗೆ?

ಮೂರನೆಯ ವರ್ಷ ಉಪವಾಸ ಶುರುವಾಗುವ ಮೊದಲೇ ಅಪ್ಪಚ್ಚನ್ ತೀರಿಕೊಂಡರು. ಪೆಸಹಾ ಗುರುವಾರ ಬಂದರೂ ಕೆಳಗೆ ರುಬ್ಬುವ ಸದ್ದಿಲ್ಲ. ಪಾಪ, ದುಃಖದಲ್ಲಿ ಅಮ್ಮಚ್ಚಿಗೆ ಕೈಯೇ ಏಳುತ್ತಿಲ್ಲ ಎಂದುಕೊಂಡೆ. ಅವ್ವ ಕಳಿಸಿದ ಜೋಳದ ಹಿಟ್ಟಿತ್ತು. ನಮ್ಮ ರೊಟ್ಟಿಗೂ ಹುಳಿಯಿಲ್ಲವಲ್ಲ, ಶಾಸ್ತ್ರಕ್ಕೂ ಸರಿಹೋಯಿತು! ಗುಟ್ಟಾಗಿ ಮಾಡೋಣವೆಂದರೆ ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳಿಸಿತು. ತಟ್ಟೆ ಹಿಡಿದು ಕೆಳಗಿಳಿದೆ. ಅಮ್ಮಚ್ಚಿ ಕೈ ಚಾಚಲಿಲ್ಲ.

“ಯಾಕೆ ಮಾಡಿದೆ ಮೋಳೇ? ಸಾವಾದ ಮನೆಯವರು ಆ ವರ್ಷ ಮಾಡುವ ಹಾಗಿಲ್ಲ. ನೆರೆಯವರು ತಂದುಕೊಡಬೇಕು,” ಎಂದು ಮಲಯಾಳದಲ್ಲಿ ಗದರಿದರು. ಮೋಳೇ, ಮಗಳೇ ಎಂದು ಅವರು ಎಲ್ಲ ಹುಡುಗಿಯರನ್ನೂ ಕರೆಯುತ್ತಿದ್ದರು.

“ನೀವು ಮಾಡಲಿಲ್ಲವಲ್ಲ ಅಮ್ಮಚ್ಚಿ, ನಾನು ಮಾಡಿದ್ದು.”

“ನೀನೇನು ನೆರೆಯವಳಾ?”

ಎರಡು ವರ್ಷದ ಪ್ರಶ್ನೆಗೆ ಬೈಗುಳದಲ್ಲಿ ಉತ್ತರ ಸಿಕ್ಕಿತು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ. ಸಂಜೆ ಪಕ್ಕದ ಮನೆಯವರು ಅಪ್ಪ ತಂದರು. ಅಮ್ಮಚ್ಚಿ ಮುರಿದರು, ಕೊನೆಯ ತುಂಡು ನನ್ನದಾಯಿತು. ರೊಟ್ಟಿಯನ್ನು ಒಣಗಿಸಿಟ್ಟು ಈಸ್ಟರ್ ದಿನ ಕೋಳಿ ಸಾರಿನ ಜೊತೆ ತಿಂದೆವು. ಲಿಸಿ ಬಹಳ ಚೆನ್ನಾಗಿದೆ ಎಂದಳು, ದವಡೆ ಹಿಡಿದುಕೊಂಡು.

ಈಗ ತಿರುವನಂತಪುರಕ್ಕೆ ಬಂದಿದ್ದೇನೆ, ಪಟ್ಟಂನ ಒಂದು ಫ್ಲ್ಯಾಟಿಗೆ. ಕಳೆದ ಕ್ರಿಸ್‌ಮಸ್ ಹೊತ್ತಿಗೆ ಅಮ್ಮಚ್ಚಿಯೂ ಹೋದರು. ಇಂದು ಮತ್ತೆ ಪೆಸಹಾ ಗುರುವಾರ. ಆಫೀಸಿನಿಂದ ಬೇಗ ಬಂದು ಸುಮ್ಮನೆ ಕೂತಿದ್ದೇನೆ. ಆ ಕೆಳಮನೆಯ ಊಟದ ಮೇಜಿನ ಬಳಿ, ಎರಡೂ ಕೈ ಒಡ್ಡಿ, ನನ್ನ ಸರದಿಗೆ ಕಾಯುತ್ತ ನಿಲ್ಲಬೇಕೆನ್ನಿಸುತ್ತದೆ. ಸರದಿ ಬರದಿದ್ದರೂ ಅಡ್ಡಿಯಿಲ್ಲ, ನಿಂತರೆ ಸಾಕು.

ಇದೀಗ ಅವ್ವ ಬೆಟಗೇರಿಯಿಂದ ಫೋನು ಮಾಡಿದ್ದಳು.

“ಪೆಸಹಾಕ್ಕ ರೊಟ್ಟಿ ಮಾಡ್ಕೊಂಡಿ ಏನವಾ?”

“ಇಲ್ಲವ್ವಾ. ಈ ವರ್ಷ ನಮ್ಮ ಮನ್ಯಾಗ ಮಾಡೂ ಹಂಗಿಲ್ಲ.”

“ಯಾಕ, ಯಾರಿಗೇನಾತು?” ಅವ್ವ ಗಾಬರಿಯಾದಳು.

“ಇಲ್ಲೀ ನಮ್ಮ ಮನ್ಯಾಗವ್ವಾ. ಅಮ್ಮಚ್ಚಿ ಹೋದ್ರಲ್ಲ.”

ಹೆತ್ತವಳ ಮುಂದೆಯೇ ಇನ್ನೊಂದು ಮನೆಯನ್ನು ನಮ್ಮದೆಂದುಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಕಾಕ್ಕನಾಡಿನ ಆ ಬೈಗುಳದ ಕಥೆಯನ್ನು ಅವಳಿಗೆ ಎಂದೋ ಹೇಳಿದ್ದೆ.

“ಹಂಗಾರ ನೀ ಮಾಡಬ್ಯಾಡ,” ಎಂದಳು ಅವ್ವ. “ನಾ ಮಾಡಿ ಕಳಸ್ತೀನಿ. ಇದೊಂದ್ಸಲ ನಾ ನಿನ್ನ ಬಾಜೂ ಮನ್ಯಾಕಿ ಅಂತ ತಿಳಕೋ.”