ನಾಲ್ಕನೇ ಕೂಗು

ಆಪರೇಷನ್ ಕೋಣೆಯ ಎದುರಿನ ಬೆಂಚಿನ ಮೇಲೆ ಹತ್ತಿ ಗೋದಾಮಿನ ಕಾವಲುಗಾರ ಕೂತಿದ್ದ. ಪಕ್ಕದಲ್ಲಿ ಒಬ್ಬ ಪೊಲೀಸಿನವ. ಒಳಗೆ ಕಾವಲುಗಾರನ ಹೆಂಡತಿ ಮಲಗಿದ್ದಳು, ಅವಳ ಮೈಯಿಂದ ಡಾಕ್ಟರು ಹೆಕ್ಕಿ ತೆಗೆಯುತ್ತಿದ್ದದ್ದು ಇವನ ಕೋವಿಯ ಚರೆಗಳನ್ನೇ. ಬದುಕುತ್ತಾಳಾ ಎಂದು ಹೋಗಿ ಬರುವ ನರ್ಸನ್ನು ಕೇಳಬೇಕು. ಕೇಳೋಣವೆಂದರೆ ಯಾವ ಮುಖ ಇಟ್ಟುಕೊಂಡು ಕೇಳುವುದು?

ಇಂಥವನ ಕೈಯಿಂದ ಇಂಥ ಕೆಲಸ ಆಯಿತೆಂದರೆ ಯಾರಾದರೂ ನಂಬುತ್ತಾರಾ, ಹೇಳಿ! ಕೋವಿಯ ವಿಷಯದಲ್ಲಿ ಅವನಷ್ಟು ಅಂಜುಬುರುಕ ಆ ಬೀದಿಯಲ್ಲೇ ಇರಲಿಲ್ಲ. ನಳಿಗೆ ಯಾವಾಗಲೂ ನೆಲದ ಕಡೆಗೆ, ಬೆರಳು ಯಾವಾಗಲೂ ಗುಂಡು ಹಾರಿಸುವ ಕುದುರೆಯಿಂದ ಆಚೆಗೆ. ಪಾಳಿ ಮುಗಿದೊಡನೆ ತೋಟಾ ತೆಗೆದು ಡಬ್ಬಿಗೆ ಹಾಕಿ, ಕೋವಿಯನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗ ಎಳೆದು ನೋಡಿಯೇ ಮನೆ ಕಡೆ ಹೊರಡುವವನು. ಒಮ್ಮೆ ಹಮಾಲರ ಮೇಸ್ತ್ರಿ ಖಾಲಿ ಕೋವಿಯನ್ನು ತಮಾಷೆಗೆ ಗೆಳೆಯನ ಕಡೆ ತಿರುಗಿಸಿದ್ದಕ್ಕೆ ಇವನು ಮೇಸ್ತ್ರಿಯ ಕೆನ್ನೆಗೆ ಛಟೀರನೆ ಬಾರಿಸಿಬಿಟ್ಟಿದ್ದ.

"ಖಾಲಿ ಅಂತ ನಿಂಗ್ಯಾರೋ ಹೇಳಿದ್ದು? ಖಾಲಿ ಕೋವಿ ಅಂದ್ಕೊಂಡೇ ಜನ ಹೆಣ ಬೀಳ್ಸಿರೋದು!"

ಸಣ್ಣ ಸದ್ದಾದರೂ ಸಾಕು, "ಯಾರದು?" ಎಂದು ಮೂರು ಸಲ ಕೂಗುವುದು ಅವನ ಪದ್ಧತಿ. ಹಮಾಲರು ಮೊದಲ ಕೂಗಿಗೇ ಎರಡೂ ಕೈ ಮೇಲೆತ್ತಿ, "ನಾನು ಮಾವ, ನಾನು! ಹೊಡೀಬೇಡ, ಇನ್ನೂ ಮದುವೆ ಆಗಿಲ್ಲ!" ಎಂದು ಹಲ್ಲುಕಿರಿಯುತ್ತ ನಿಲ್ಲುವರು. ಹೀಗಾಗಿ ಅವನಿಗೆ 'ಯಾರದು ಮಾವ' ಎಂಬ ಹೆಸರೇ ನಿಂತುಹೋಗಿತ್ತು. ಮೂರನೇ ಕೂಗಿಗೂ ಉತ್ತರ ಬಾರದೆ ಇದ್ದದ್ದು ಬೀದಿನಾಯಿಗಳು ನುಗ್ಗಿದಾಗ ಮಾತ್ರ.

ಈ ಚಾಳಿ ಮನೆಗೂ ಬಂದಿತ್ತು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಇಲ್ಲಿಂದ "ಯಾರದು?" ಹೆಂಡತಿಗೆ ಈಚೀಚೆಗೆ ಕಿವಿ ಮಂದವಾಗಿತ್ತು, ಮೂರು ಕೂಗಿಗೂ ಉಸಿರೆತ್ತುತ್ತಿರಲಿಲ್ಲ. ನಾಲ್ಕನೆಯದನ್ನು ಗಂಟಲು ಹರಿಯುವ ಹಾಗೆ ಕೂಗಿದರೆ ಸೌಟು ಹಿಡಿದೇ ಬಾಗಿಲಿಗೆ ಬರುವಳು.

"ಇನ್ಯಾರು ಇರ್ತಾರೆ ಈ ಮನೇಲಿ? ನಿಮ್ಮ ಎರಡನೇ ಹೆಂಡ್ತಿನಾ?"

"ಕಿವಿ ಡಾಕ್ಟರಿಗೆ ತೋರಿಸ್ಕೊಳ್ಳೇ ಮಾರಾಯ್ತಿ."

"ಮೊದಲು ನಿಮ್ಮ ಕನ್ನಡಕ ಎಲ್ಲಿಟ್ಟಿದೀರ ನೋಡ್ಕೊಳ್ರೀ."

ಮಗಳು ಬಿದ್ದು ಬಿದ್ದು ನಗುವಳು: "ಅಮ್ಮಂಗೆ ಕೇಳ್ಸಲ್ಲ, ಅಪ್ಪಂಗೆ ಕಾಣ್ಸಲ್ಲ. ಹೇಳಿ ಮಾಡಿಸಿದ ಜೋಡಿ!"

ಆ ನಗೆಗೆ ಯಾರ ಕಣ್ಣು ತಾಗಿತೋ. ಗೋದಾಮಿನ ಹಿಂದಿನ ಗೋಡೆ ಒಂದೆಡೆ ಕುಸಿದಿತ್ತು. ಆ ಸಂದಿಯಿಂದ ಕಳ್ಳರು ನುಗ್ಗಿ ಮೂಟೆ ಸಾಗಿಸಿದರು. ಸಾಹುಕಾರ ಹಮಾಲರ ಎದುರೇ ಇವನ ಮಾನ ಕಳೆದ.

"ಇನ್ನೊಂದು ಮೂಟೆ ಹೋದ್ರೆ ಅದರ ಹಿಂದೆ ನೀನೂ ಹೋಗ್ತೀಯ. ಕೋವಿ ಕೊಟ್ಟಿರೋದು ಊರುಗೋಲು ಮಾಡ್ಕೊಳ್ಳೋಕಲ್ಲ!"

ಈವತ್ತು ಅವನದು ಬೆಳಗಿನ ಪಾಳಿ. ಹಾಳು ಮಂಜು ಎದುರಿನ ಕಂಬವನ್ನೂ ನುಂಗಿತ್ತು. ಗೇಟಿನ ಬಳಿ ಬಂದಾಗ ಕನ್ನಡಕ ಮನೆಯಲ್ಲೇ ಉಳಿದದ್ದು ಗೊತ್ತಾಯಿತು. ಹಿಂದಕ್ಕೆ ಹೋದರೆ ತಡವಾಗುತ್ತದೆ, ಸಾಹುಕಾರ ಕಾಯುತ್ತಿರುತ್ತಾನೆ. ಈ ಗೋದಾಮು ಕಣ್ಣು ಮುಚ್ಚಿದರೂ ಗೊತ್ತು ಬಿಡು ಎಂದುಕೊಂಡು ಕೋವಿಗೆ ತೋಟಾ ತುಂಬಿದ. ಅಯ್ಯೋ ಪುಣ್ಯಾತ್ಮ, ಕಣ್ಣಿಲ್ಲದೆ ಕೋವಿ ಮುಟ್ಟಬಹುದೇ? ಅಷ್ಟು ಎಚ್ಚರದ ಮನುಷ್ಯನಿಗೆ ಅದೊಂದು ಹೊಳೆಯಲೇ ಇಲ್ಲ.

ಹಿಂದಿನ ಗೋಡೆಯ ಸಂದಿಯಲ್ಲಿ ಏನೋ ಬಗ್ಗಿ ಒಳಗೆ ನುಸುಳಿತು.

"ಯಾರದು?"

ಉತ್ತರವಿಲ್ಲ. ಆಕಾರ ನೆಟ್ಟಗಾಯಿತು.

"ಯಾರದು?"

ಅದು ಇವನ ಕಡೆಗೇ ನಡೆದು ಬಂತು. ಕೈಯಲ್ಲಿ ಕಪ್ಪಗೆ ಏನೋ ಇತ್ತು.

"ಯಾರದು!"

ಆಕಾರ ನಿಲ್ಲಲಿಲ್ಲ. ಉತ್ತರ ಕೊಡದವನು ಕಳ್ಳನೇ ಎಂದು ತಲೆ ಹೇಳಿತು, ಸಾಹುಕಾರನ ಬೈಗುಳ ಕಿವಿಯಲ್ಲಿ ಮೊರೆಯಿತು, ಬೆರಳು ಕುದುರೆ ಎಳೆದೇಬಿಟ್ಟಿತು. ಓಡಿಹೋಗಿ ಬಗ್ಗಿದರೆ ಹೆಂಡತಿ. ಸುತ್ತಿನ ದಾರಿ ತಪ್ಪಿಸಲು ಸಂದಿಯಿಂದ ಬಂದಿದ್ದಳು. ಮುಷ್ಟಿಯಲ್ಲಿ ಅವನ ಕನ್ನಡಕದ ಕಪ್ಪು ಡಬ್ಬಿ. ಅವಳು ಅವನ ಮುಖವನ್ನು ನೋಡಿದಳು, ಅವನ ಕೈಯಲ್ಲಿದ್ದ ಕೋವಿಯನ್ನು ನೋಡಿದಳು, ಆಮೇಲೆ ಕಣ್ಣು ಮುಚ್ಚಿದಳು.

ಈಗ ಮೇಸ್ತ್ರಿ ಬೆಂಚಿನ ಬಳಿ ಬಂದು ಕುಕ್ಕರಿಸಿದ. ಕೆನ್ನೆಗೆ ಏಟು ತಿಂದವನೇ ಇವನ ಮಂಡಿ ಹಿಡಿದುಕೊಂಡ.

"ಮಾವ, ಮೂರು ಸಲ ಕೂಗಿದ್ದು ನಾನೇ ಕೇಳಿಸ್ಕೊಂಡಿದೀನಿ. ಎಲ್ಲಿ ಬೇಕಾದ್ರೂ ಸಾಕ್ಷಿ ಹೇಳ್ತೀನಿ. ನಿನ್ನದೇನೂ ತಪ್ಪಿಲ್ಲ."

"ಕೂಗ್ದೆ ಕಣೋ. ನೋಡ್ಲಿಲ್ಲ." ಅವನು ಮೇಸ್ತ್ರಿಯ ಕೈ ಸರಿಸಿದ. "ಅವಳಿಗೆ ಮೂರು ಕೂಗು ಕೇಳ್ಸಲ್ಲ ಅಂತ ನಂಗೆ ಗೊತ್ತಿತ್ತಲ್ಲೋ! ಮನೇಲಿ ದಿನಾ ನಾಲ್ಕನೇದು ಕೂಗ್ತಿದ್ದೆ. ಇವತ್ತೊಂದು ದಿನ ಕೂಗಿದ್ರೆ ನನ್ನ ಗಂಟಲೇನು ಸವೀತಿತ್ತಾ?"

ತಲೆಯನ್ನು ಗೋಡೆಗೆ ಜಜ್ಜಿಕೊಂಡ. ಪೊಲೀಸಿನವನೇ ಹಿಡಿದು ಕೂರಿಸಿದ. ಬೆಂಚಿನ ಆ ತುದಿಯಲ್ಲಿದ್ದ ಮಗಳು ಮಾತ್ರ ಇತ್ತ ತಿರುಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಒಲೆಯೊಳಗೇ ಅವನು ಕೂತಿದ್ದ.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದರು. ಭುಜದ ಚರೆಗಳನ್ನು ತೆಗೆದಾಗಿದೆ, ಎಡಗೈ ಇನ್ನು ಮೊದಲಿನಂತಾಗದು, ಜೀವಕ್ಕೆ ಭಯವಿಲ್ಲ ಎಂದರು. ಅವನು ಅಲ್ಲೇ ಕುಸಿದು ಗೊಳೋ ಎಂದು ಅತ್ತ. ಮಗಳು ಒಳಗೆ ಹೋಗಿ ನೋಡಿ ಬಂದಳು. ಆ ಕಪ್ಪು ಡಬ್ಬಿಯನ್ನು ಅವನ ತೊಡೆಯ ಮೇಲೆ ಇಟ್ಟಳು.

"ಹೋಗಿ. ಹಾಕ್ಕೊಂಡು ಹೋಗಿ."

ಕನ್ನಡಕ ಹಾಕಿಕೊಂಡು ಅವನು ಬಾಗಿಲಲ್ಲಿ ನಿಂತ. ಹೆಂಡತಿಯ ಕಣ್ಣು ಅರ್ಧ ತೆರೆದಿತ್ತು, ಅರಿವಳಿಕೆಯ ಮತ್ತು ಇನ್ನೂ ಇಳಿದಿರಲಿಲ್ಲ.

"ಯಾರದು?" ಎಂದಳು.

"ನಾನು ಕಣೇ." ಅವಳಿಗೆ ಕೇಳಲಿಲ್ಲ.

"ಯಾರದು?"

ಕೂಗಿ ಹೇಳಲು ಧೈರ್ಯ ಸಾಲದೆ, ಮುಖವನ್ನಾದರೂ ನೋಡಲಿ ಎಂದು ಹಾಸಿಗೆಯ ಹತ್ತಿರ ಹೋಗಿ ಬಗ್ಗಿದ. ಅವಳು ದಿಟ್ಟಿಸಿ ನೋಡಿದಳು. ಗುರುತು ಹತ್ತಿತು. ಮೆಲ್ಲಗೆ ಬಲಗೈ ಎತ್ತಿದಳು. ತನ್ನ ಕೆನ್ನೆ ಮುಟ್ಟುತ್ತಾಳೆ ಎಂದು ಅವನು ಇನ್ನಷ್ಟು ಬಗ್ಗಿದ. ಅವಳು ಆ ಕೈಯನ್ನು ತನ್ನ ಮುಖಕ್ಕೆ ಅಡ್ಡ ಹಿಡಿದಳು.

ಅವನು ಹಿಂದಕ್ಕೆ ಸರಿದು, ಹಮಾಲರು ನಿಲ್ಲುತ್ತಿದ್ದ ಹಾಗೆ ಎರಡೂ ಕೈ ಮೇಲೆತ್ತಿ ನಿಂತ.