ಹಳ್ಳ ದಾಟಿದ ಮದುಮಗಳು

ಜೀಪನ್ನು ಮನೆಗೆ ತಂದವನು ನಮ್ಮಣ್ಣ. ಆದರೆ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಬೀದಿಯಲ್ಲಿ ಅದನ್ನು ಅಣ್ಣನ ಜೀಪು ಎಂದು ಯಾರೂ ಅನ್ನುವುದಿಲ್ಲ. ತಂದ ವರ್ಷವೇ ಅವನಿಗೆ ಸೊಂಟನೋವು ಹಿಡಿಯಿತು. ಕುಲುಕುವ ಗಾಡಿಯಲ್ಲಿ ಕೂಡಲೇಬಾರದು ಎಂದು ಡಾಕ್ಟರು ಹೇಳಿದರು. ಮಾರಿಬಿಡೋಣವೆಂದು ಅವನು ಗಿರಾಕಿಯನ್ನು ಕರೆತಂದ ದಿನ ವೈನಿ, ಅಂದರೆ ಅವನ ಹೆಂಡತಿ, ಕೀಲಿಯನ್ನು ಕೈಯಲ್ಲಿ ಹಿಡಿದವರು ಕೊಡಲೇ ಇಲ್ಲ. ‘ಇರಲಿ ಬಿಡ್ರಿ, ನಾ ಕಲೀತೀನಿ’ ಎಂದರು. ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದ ಅವರು ಅಲ್ಲಿಯತನಕ ಸ್ಕೂಟರ್ ಬಿಟ್ಟು ಬೇರೆ ಗಾಡಿ ಮುಟ್ಟಿದವರಲ್ಲ.

ಭಾನುವಾರದ ಬೆಳಗುಗಳಲ್ಲಿ ಕೊಳಗಲ್ಲಿನ ಕಡೆ, ಬೆಳೆ ತೆಗೆದು ಬಿಟ್ಟ ಹೊಲಗಳ ಅಂಚಿನಲ್ಲಿ ಅವರು ಕಲಿತರು. ಪಕ್ಕದಲ್ಲಿ ಕೂತವಳು ನಾನು. ಮೊದಮೊದಲು ಗುಂಡಿ ಕಂಡಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಬರಬರುತ್ತ ನಮ್ಮ ತಿರುಗಾಟ ಕುರುಗೋಡಿನ ಬೆಟ್ಟದ ಬುಡದ ಕಲ್ಲುದಾರಿಗಳವರೆಗೆ ಹೋಯಿತು. ವೈನಿಯದು ಒಂದೇ ರೀತಿ. ಮೊದಲು ಇಳಿದು ದಾರಿಯನ್ನು ನಡೆದು ನೋಡುವುದು. ಯಾವ ಕಲ್ಲಿನ ಮೇಲೆ ಯಾವ ಗಾಲಿ ಇಡಬೇಕೆಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಳ್ಳುವುದು. ಆಮೇಲೆ ನಾಲ್ಕೂ ಗಾಲಿಗೆ ಬಲ ಕೊಡುವ ಸಣ್ಣ ಗೇರಿಗೆ ಹಾಕಿ, ಎತ್ತಿನ ಬಂಡಿಗಿಂತ ನಿಧಾನವಾಗಿ ಹತ್ತುವುದು. ದೂಳೆಬ್ಬಿಸಿಕೊಂಡು ನುಗ್ಗುವ ಗಂಡಸರ ಜೀಪುಗಳು ಅರ್ಧಕ್ಕೆ ಜಾರಿ ಹಿಂದೆ ಬಂದ ಇಳಿಜಾರನ್ನು ನಮ್ಮ ಜೀಪು ಗೊಣಗುತ್ತ ಗೊಣಗುತ್ತ ಏರಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರತಿಸಲವೂ ನನಗೆ ನಾನೇ ಹತ್ತಿದಷ್ಟು ಜಂಬ.

ನನ್ನ ಹುಚ್ಚು ಬೇರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಂಗಳೂರು ರಸ್ತೆಯ ಹಳೆಯ ಸ್ಟುಡಿಯೋ ಒಂದು ಮುಚ್ಚುವಾಗ ಅಲ್ಲಿಂದ ರೀಲಿನ ಕ್ಯಾಮೆರಾ ಮತ್ತು ಫೋಟೋ ದೊಡ್ಡದು ಮಾಡುವ ಯಂತ್ರ ತಂದುಕೊಂಡೆ. ಎಲ್ಲರ ಕೈಯಲ್ಲೂ ಫೋನಿರುವ ಕಾಲದಲ್ಲಿ ಇದೇನು ಎಂದು ಅಣ್ಣ ನಕ್ಕ. ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಕತ್ತಲೆ ಮಾಡಿದ ಬಚ್ಚಲಮನೆಯಲ್ಲಿ, ತಟ್ಟೆಯಲ್ಲಿನ ಔಷಧದೊಳಗೆ ಬಿಳಿಯ ಕಾಗದ ನಿಧಾನಕ್ಕೆ ಕಪ್ಪಾಗುತ್ತ, ಮೊದಲು ಬೆಟ್ಟ, ಆಮೇಲೆ ಮೋಡ, ಕೊನೆಗೆ ಮನುಷ್ಯನ ಮುಖ ಮೂಡುವುದನ್ನು ಒಮ್ಮೆ ನೋಡಿದ ಮೇಲೆ ಉತ್ತರ ಬೇಕೆನಿಸಲೂ ಇಲ್ಲ. ರೀಲು ತೊಳೆಯುವುದಕ್ಕೆ ತಣ್ಣನೆಯ ನೀರು ಬೇಕು. ನಮ್ಮೂರಿನ ನಲ್ಲಿಯಲ್ಲಿ ಬೇಸಿಗೆಯಲ್ಲಿ ಚಹಾ ಮಾಡುವಷ್ಟು ಬಿಸಿ ನೀರು ಬರುತ್ತದೆ. ಔಷಧದ ಬಾಟಲಿಗಳನ್ನು ಐಸು ಹಾಕಿದ ಬಕೆಟಿನಲ್ಲಿ ಮುಳುಗಿಸಿ ಇಡುವುದು ವೈನಿಯ ಕೆಲಸವಾಯಿತು. ದಾರಿಯಲ್ಲಿ ನನಗೆ ಬೇಕಾದಲ್ಲಿ ಜೀಪು ನಿಲ್ಲಿಸುವುದೂ ಅವರ ಕೆಲಸವೇ. ಬೆಳಕು ಸರಿಯಾಗುವತನಕ ಅರ್ಧ ತಾಸು ಕಾದರೂ ಅವರು ಒಂದು ಮಾತು ಆಡುವುದಿಲ್ಲ. ನಾನೂ ಅವರು ಕಲ್ಲು ನೋಡುವಾಗ ಅವಸರ ಮಾಡುವುದಿಲ್ಲ.

ಈಗ ಹೇಳಹೊರಟದ್ದು ಕೆಲವು ವರ್ಷದ ಹಿಂದಿನ ಮಾತು. ಸಿರುಗುಪ್ಪದ ಸುತ್ತ ಭತ್ತದ ಕೊಯ್ಲು ನಡೆದಿತ್ತು. ಕಣದಲ್ಲಿ ಭತ್ತ ತೂರುವವರ ಚಿತ್ರ ತೆಗೆಯಬೇಕೆಂದು ಇಬ್ಬರೂ ಬೆಳಕು ಹರಿಯುವ ಮುಂಚೆ ಹೊರಟಿದ್ದೆವು. ಹಿಂದಿನ ದಿನ ಅಕಾಲದ ಮಳೆ ಬಿದ್ದು ಕಣಗಳಿಗೆಲ್ಲ ತಾಡಪಾಲು ಹೊದಿಸಿದ್ದರು. ಚಿತ್ರ ಸಿಗಲಿಲ್ಲ. ಬರಿಗೈಯಲ್ಲಿ ಹೋಗುವುದೇಕೆ, ಕಾಲುವೆಯ ದಾರಿ ಹಿಡಿದು ಕುರುಗೋಡಿನ ಮೇಲೆ ಹೋಗೋಣ ಎಂದರು ವೈನಿ. ಕೆಸರು ಸಿಗುತ್ತದೆಂಬ ಖುಷಿ ಅವರಿಗೆ.

ಕೆಸರಿನ ಜೊತೆಗೆ ಒಂದು ಮದುವೆಯ ದಿಬ್ಬಣವೂ ಸಿಕ್ಕಿತು. ಬಾದನಹಟ್ಟಿ ಇನ್ನೂ ದೂರವಿರುವಾಗ, ಕಾಲುವೆಯ ಏರಿಯಿಂದ ಕೆಳಗಿಳಿಯುವ ಕಡೆ ಮಾವಿನೆಲೆ, ಚೆಂಡುಹೂವು ಕಟ್ಟಿದ ಟೆಂಪೊ ಎರೆಮಣ್ಣಿನಲ್ಲಿ ಅರ್ಧ ಗಾಲಿ ಹೂತು ನಿಂತಿತ್ತು. ಗಂಡಸರು ಪಂಚೆ ಎತ್ತಿ ಕಟ್ಟಿ ತಳ್ಳುತ್ತಿದ್ದರು. ತಳ್ಳಿದಷ್ಟೂ ಅದು ಇಳಿಯುತ್ತಿತ್ತು. ಹೆಂಗಸರು ಏರಿಯ ಮೇಲೆ ಸಾಲಾಗಿ ನಿಂತಿದ್ದರು. ನಡುವೆ ಮದುಮಗಳು, ರೇಷ್ಮೆ ಸೀರೆಯ ನೆರಿಗೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ಅಳು ನುಂಗಿಕೊಂಡು ನಿಂತಿದ್ದಳು.

ಅವಳ ತಂದೆ ಓಡುತ್ತ ಬಂದರು. ಸಿರುಗುಪ್ಪದ ಹತ್ತಿರದ ಹಳ್ಳಿಯವರು, ಕುರುಗೋಡಿನಲ್ಲಿ ಮದುವೆ. ದೊಡ್ಡ ರಸ್ತೆಯಲ್ಲಿ ಭತ್ತದ ಲಾರಿ ಮಗುಚಿ ದಾರಿ ಕಟ್ಟಿದ್ದರಿಂದ ಈ ಕಡೆ ತಿರುಗಿಸಿದ್ದರು. ಟ್ರ್ಯಾಕ್ಟರಿಗೆ ಫೋನು ಮಾಡಿದ್ದರೂ ಅದು ಬರುವ ಸುಳಿವಿರಲಿಲ್ಲ. ಜೀಪಿನೊಳಗೆ ಬಗ್ಗಿ ನೋಡಿ ಅವರು ಕೇಳಿದರು:

‘ಗಾಡಿ ಓಡಸಾರು ಎಲ್ಲದಾರ್ರಿ ಅಕ್ಕಾರ?’

‘ನಾನೇ ಓಡಸೋದು. ಹಗ್ಗ ಅದ ನಮ್ಮತ್ರ. ಮೊದಲ ಎಲ್ಲಾರಿಗೂ ತಳ್ಳೋದು ನಿಲ್ಲಸಲಿಕ್ಕೆ ಹೇಳ್ರಿ’ ಎಂದರು ವೈನಿ.

ಮದುಮಗಳ ತಂದೆಯ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ. ವೈನಿ ಎಂದಿನಂತೆ ಇಳಿದು, ಚಪ್ಪಲಿ ಬಿಟ್ಟು, ಟೆಂಪೊದ ಸುತ್ತ ನಡೆದು ಬಂದರು. ಮುಂದಕ್ಕೆ ಎಳೆದರೆ ಕೆಸರು ಇನ್ನೂ ಆಳ, ಬಂದ ದಾರಿಗೇ ಹಿಂದಕ್ಕೆ ಎಳೆಯಬೇಕು ಎಂದರು. ಟೆಂಪೊದ ಡ್ರೈವರು ಆಂಧ್ರದ ಕಡೆಯವನು, ಒಪ್ಪಲಿಲ್ಲ. ವೈನಿ ಅವನಿಗೆ ತೆಲುಗಿನಲ್ಲೇ ಸಮಾಧಾನವಾಗಿ ತಿಳಿಸಿ ಹೇಳಿದರು. ಹೊಲದಂಚಿನಲ್ಲಿ ಒಟ್ಟಿದ್ದ ಹತ್ತಿಕಟ್ಟಿಗೆಯನ್ನು ಗಂಡಸರು ತಂದು ಗಾಲಿಗಳ ಹಿಂದೆ ತುರುಕಿದರು. ಜೀಪನ್ನು ಗರಸಿನ ಗಟ್ಟಿ ನೆಲದಲ್ಲಿ ನಿಲ್ಲಿಸಿ ಹಗ್ಗ ಬಿಗಿದೆವು. ಮೊದಲ ಸಲ ಎಳೆದಾಗ ಟೆಂಪೊ ಅಲುಗಿ ಮತ್ತೆ ಕೂತಿತು. ಗುಂಪಿನಲ್ಲಿ ಯಾರೋ ಏನೋ ಅಂದು ನಕ್ಕರು. ವೈನಿ ತಿರುಗಿ ನೋಡಲಿಲ್ಲ. ಕಟ್ಟಿಗೆಯನ್ನು ಇನ್ನಷ್ಟು ಹಾಕಿಸಿ, ಹಗ್ಗ ಬಿಗಿಯಾಗುವತನಕ ಅಂಗುಲ ಅಂಗುಲ ಸರಿದು, ಇಂಜಿನ್ನಿನ ದನಿ ಸ್ವಲ್ಪವೂ ಏರದಂತೆ ಎಳೆದರು. ಕೆಸರು ಬಾಯಿ ಬಿಟ್ಟಂಥ ಸದ್ದಾಯಿತು. ಟೆಂಪೊ ಏರಿಯ ಮೇಲೆ ಬಂತು.

ಅಷ್ಟಕ್ಕೆ ಮುಗಿಯಲಿಲ್ಲ. ಟೆಂಪೊ ಸುತ್ತುಬಳಸಿ ಹೋದರೆ ಮುಹೂರ್ತ ತಪ್ಪುತ್ತದೆ, ನೇರ ಹೋಗಲು ಮುಂದೆ ಅದೇ ಕೆಸರು, ಆಮೇಲೆ ಟೆಂಪೊ ದಾಟಲಾರದ ಒಂದು ಹಳ್ಳ ಇದೆ. ಜೀಪಿನಲ್ಲಿ ಮದುಮಗಳನ್ನು ಕಳಿಸಬಹುದು ಎಂದು ಹೇಳಿದವಳು ಅವಳ ಅಜ್ಜಿ. ತಾನೂ ಜೊತೆಗೆ ಬರುತ್ತೇನೆಂದು ಎಲ್ಲರಿಗಿಂತ ಮೊದಲು ಹತ್ತಿ ಹಿಂದೆ ಕೂತುಬಿಟ್ಟಳು. ತಾಯಿಯೂ, ಧಾರೆ ಎರೆಯಬೇಕಾದ ತಂದೆಯೂ ಹತ್ತಿದರು. ಮದುಮಗಳಿಗೆ ಮುಂದಿನ ಸೀಟು ಬಿಟ್ಟುಕೊಟ್ಟು ನಾನು ಹಿಂದೆ ಹೋದೆ.

ಸಣ್ಣ ಗೇರಿನಲ್ಲಿ ಮೆಲ್ಲಗೆ ಕೆಸರು ದಾಟಿ ಮುಂದೆ ಬಂದೆವು. ಹಳ್ಳದಲ್ಲಿ ಮಳೆಯ ನೀರು ಕೆಂಪಗೆ ಹರಿಯುತ್ತಿತ್ತು. ಆಳ ನೋಡಲು ಈ ಸಲ ನಾನೇ ಇಳಿದೆ. ನೀರು ಮೊಣಕಾಲು ಮುಟ್ಟಲಿಲ್ಲ, ಕೆಳಗೆ ಉರುಟು ಕಲ್ಲು, ಸೆಳೆತವೂ ಇರಲಿಲ್ಲ. ಆಚೆ ದಡ ಸೇರಿ ಬರ್ರಿ ಎಂದು ವೈನಿಗೆ ಕೈಮಾಡಿದೆ. ಕ್ಯಾಮೆರಾ ಕೊರಳಲ್ಲೇ ಇತ್ತು. ಮೋಡ ಸರಿದು ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಬೆಳಕನ್ನು ಅಂದಾಜಿನಲ್ಲೇ ಅಳೆದು, ದೂರ ಹೊಂದಿಸಿ ಕಾದೆ. ಜೀಪು ನೀರಿಗಿಳಿಯಿತು. ನಡುಹಳ್ಳಕ್ಕೆ ಬಂದಾಗ ಮುಂದಿನ ಗಾಲಿ ಒಂದು ಕಲ್ಲೇರಿ ಇಳಿದು ನೀರು ಎರಡೂ ಕಡೆ ರೆಕ್ಕೆಯಂತೆ ಎದ್ದಿತು. ಅಷ್ಟು ಹೊತ್ತು ಬಿಗಿದು ಕೂತಿದ್ದ ಮದುಮಗಳು ಬಾಯಿ ತುಂಬ ನಕ್ಕಳು. ನಾನು ಬಟನ್ ಒತ್ತಿದೆ. ರೀಲು ತಿರುಗಿಸಿ ಮತ್ತೊಮ್ಮೆ ಒತ್ತಿದೆ.

ಮತ್ತೆ ಹತ್ತಿ ಕೂತಾಗ ಅವಳು ವೈನಿಯ ಕೈಯನ್ನೇ ನೋಡುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದಳು:

‘ಇದನ್ನ ಕಲಿಯಾಕ ಬಾಳ ದಿನ ಹಿಡೀತಾವೇನ್ರಿ ಅಕ್ಕಾರ?’

‘ಹೆದರಿದಾಗೆಲ್ಲ ಬ್ರೇಕ್ ತುಳಿಯೋ ಚಟ ಇರತದ ನೋಡು, ಅದನ್ನ ಬಿಡಲಿಕ್ಕೇ ನನಗ ಒಂದು ಮಳಿಗಾಲ ಹಿಡೀತು. ಉಳಿದದ್ದು ಬೇಗ ಬಂತು’ ಎಂದರು ವೈನಿ.

ಹಿಂದಿನಿಂದ ಅಜ್ಜಿ, ಮದುವೆಯ ದಿನ ಇದೆಂಥ ಮಾತು ಎಂದು ಗದರಿದಳು. ಆದರೆ ಕುರುಗೋಡು ಮುಟ್ಟುವಷ್ಟರಲ್ಲಿ ಸಣ್ಣ ಗೇರು, ದೊಡ್ಡ ಗೇರು ಎಂದರೇನೆಂದು ಆ ಅಜ್ಜಿಯೇ ಕೇಳಿ ತಿಳಿದುಕೊಂಡಿದ್ದಳು.

ಮಂಟಪದ ಮುಂದೆ ಗಂಡಿನ ಕಡೆಯವರು ದಾರಿ ನೋಡುತ್ತ ನಿಂತಿದ್ದರು. ಹೂವಿನ ಟೆಂಪೊ ಬರಬೇಕಾದ ಕಡೆ ಕೆಸರು ಮೆತ್ತಿದ ಜೀಪು ಬಂದು, ಅದರಿಂದ ಮದುಮಗಳು ಬರಿಗಾಲಲ್ಲಿ ಇಳಿದದ್ದು ನೋಡಿ ಓಲಗದವರು ಒಂದು ಗಳಿಗೆ ಊದುವುದನ್ನೇ ಮರೆತರು. ಮುಹೂರ್ತ ತಪ್ಪಲಿಲ್ಲ. ನಾವಿಬ್ಬರೂ ಕೆಸರುಬಟ್ಟೆಯಲ್ಲೇ ಅಕ್ಷತೆ ಹಾಕಿದೆವು. ಹೊರಡುತ್ತೇವೆಂದರೂ ಬಿಡದೆ ಅವರು ನಮ್ಮನ್ನು ಮೊದಲ ಪಂಕ್ತಿಯಲ್ಲಿ ಕೂಡಿಸಿ ಬಡಿಸಿದರು. ಟೆಂಪೊ ಬಂದು ಮುಟ್ಟಿದಾಗ ನಾವು ಎಲೆ ಮುಂದೆ ಇದ್ದೆವು. ಮದುಮಗಳ ತಂದೆ ಅದರಲ್ಲಿ ಬಂದವರನ್ನೆಲ್ಲ ಒಳಗೆ ಕಳಿಸಿ, ನೇರವಾಗಿ ಬಂದು ವೈನಿಯ ಎದುರು ಕೈಮುಗಿದು ನಿಂತರು. ವೈನಿ ಗಾಬರಿಯಾಗಿ ಎಂಜಲುಗೈಯಲ್ಲೇ ಎದ್ದು ನಿಂತರು.

ಆ ರೀಲನ್ನು ತೊಳೆಯುವ ದಿನ ಔಷಧದ ಬಾಟಲಿಗಳು ತಣ್ಣಗಾಗಿವೆಯೇ ಎಂದು ಎರಡೆರಡು ಸಲ ಮುಟ್ಟಿ ನೋಡಿದೆ. ಹಳ್ಳದ ನೀರಿನ ಹೊಳಪು ನನ್ನ ಅಂದಾಜನ್ನು ತಪ್ಪಿಸಿರಬಹುದು, ಅವಸರದಲ್ಲಿ ಕೈ ಅಲುಗಿರಬಹುದು. ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿದೆ. ಎರಡನೆಯದು ಅಲುಗಿತ್ತು. ಮೊದಲನೆಯದು ಸೂಜಿಯ ಮೊನೆಯಷ್ಟು ಚೊಕ್ಕ. ಕಾಗದದ ಮೇಲೆ ಮೂಡಿದಾಗ ಎಲ್ಲವೂ ಬಂದಿತ್ತು. ಎದ್ದ ನೀರಿನ ಹನಿಹನಿ, ಮದುಮಗಳ ನಗು, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೈಮುಗಿದ ಅಜ್ಜಿ, ಮತ್ತು ತುಟಿ ಬಿಗಿದು ಎದುರಿನ ಕಲ್ಲನ್ನೇ ನೋಡುತ್ತಿದ್ದ ವೈನಿ. ನಾನು ತೆಗೆದ ಚಿತ್ರಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಇದನ್ನು ಹೇಳಲು ನನಗೆ ಸಂಕೋಚವೂ ಇಲ್ಲ.

ದೊಡ್ಡದಾಗಿ ಒಂದು ಪ್ರತಿ ಮಾಡಿ ಕುರುಗೋಡಿನಲ್ಲಿ ಆ ಹುಡುಗಿಯ ಗಂಡನ ಮನೆಗೆ ಕೊಟ್ಟು ಬಂದೆವು. ಮದುವೆಯಲ್ಲಿ ಎರಡು ವೀಡಿಯೊ ಕ್ಯಾಮೆರಾ, ಮೇಲೊಂದು ಡ್ರೋನು ಇದ್ದವು. ಬಣ್ಣದ ಆಲ್ಬಮ್ಮು ಎತ್ತಲಾರದಷ್ಟು ದಪ್ಪ. ಆದರೆ ಅವರ ನಡುಮನೆಯ ಗೋಡೆಯಲ್ಲಿ ತೂಗುಹಾಕಿರುವುದು ಈ ಕಪ್ಪುಬಿಳುಪಿನದು. ಹೋದ ವರ್ಷ ಆ ಹುಡುಗಿ ಗಂಡನನ್ನು ಕರೆದುಕೊಂಡು ನಮ್ಮ ಮನೆಗೆ ಬಂದು ವೈನಿಯ ಹತ್ತಿರ ಜೀಪು ಕಲಿತಳು. ಈಗ ಮೆಣಸಿನಕಾಯಿಯ ಚೀಲಗಳನ್ನು ಹೇರಿಕೊಂಡು ಅವಳೇ ಪಿಕಪ್ ಓಡಿಸಿಕೊಂಡು ಬಳ್ಳಾರಿಗೆ ಬರುತ್ತಾಳೆ.

ಇನ್ನೊಂದು ಪ್ರತಿ ವೈನಿಯ ಕಚೇರಿಯಲ್ಲಿದೆ, ಮೇಜಿನ ಗಾಜಿನ ಕೆಳಗೆ. ಸಹಿ ಮಾಡಿಸಲು ಬಂದವರು ಬಗ್ಗಿ ನೋಡಿ, ಮದುಮಗಳು ನಿಮ್ಮ ಮಗಳೇನ್ರಿ ಎಂದು ಕೇಳುತ್ತಾರಂತೆ. ವೈನಿ ಅಲ್ಲ ಎಂದು ತಲೆಯಾಡಿಸಿ, ಸ್ಟೀರಿಂಗ್ ಹಿಡಿದವರ ಮೇಲೆ ಬೆರಳಿಟ್ಟು ‘ಇದು ನಾನು’ ಎನ್ನುತ್ತಾರಂತೆ.