ವಿಭೂತಿ ಧರಿಸಿದ ಕಂಪ್ಯೂಟರು

ಮನೆಯ ಯಂತ್ರಗಳಲ್ಲಿ ಕಂಪ್ಯೂಟರಿನಷ್ಟು ಸಭ್ಯವಾಗಿ ಕೈಕೊಡುವುದು ಇನ್ನೊಂದಿಲ್ಲ. ಮಿಕ್ಸಿ ಕೆಟ್ಟರೆ ಸುಟ್ಟ ವಾಸನೆ ಬರುತ್ತದೆ, ಸ್ಕೂಟರು ಕೆಟ್ಟರೆ ನಾಲ್ಕು ಒದೆ ತಿಂದು ಗೊರಗುಟ್ಟುತ್ತದೆ. ಕಂಪ್ಯೂಟರು ಮಾತ್ರ ಪರದೆಯನ್ನು ಕಪ್ಪಾಗಿಸಿ, ಮರುಕ್ಷಣ ಬೆಳಗಿಸಿ, ಗ್ರಾಫಿಕ್ಸ್ ಡ್ರೈವರು ಸ್ಪಂದಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂದು ವಿನಯಪೂರ್ವಕ ನಿವೇದಿಸುತ್ತದೆ. ಅಷ್ಟರಲ್ಲಿ ನಾವು ಆಡುತ್ತಿದ್ದ ಆಟ ಮಂಗಮಾಯವಾಗಿರುತ್ತದೆ.

ಅರವತ್ತು ದಾಟಿದ ನಿವೃತ್ತ ಭೂಗೋಳದ ಮೇಷ್ಟ್ರಿಗೆ ಆಟವೇ ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ: ನನ್ನ ಜೊತೆ ಆಡುವವಳು ನನಗಿಂತ ಆರು ವರ್ಷ ದೊಡ್ಡವಳಾದ ನನ್ನ ಅಕ್ಕ. ಇಲವಾಲದಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋದ ವರ್ಷ ಲಕ್ವ ಹೊಡೆದು ಅವಳ ಬಲಗೈ ಸ್ವಾಧೀನ ತಪ್ಪಿತು. ಬೆರಳುಗಳಿಗೆ ಕೆಲಸ ಕೊಡುತ್ತಲೇ ಇರಬೇಕೆಂದು ವೈದ್ಯರು ಹೇಳಿದರು. ರಬ್ಬರ್ ಚೆಂಡು ಹಿಸುಕುವುದಕ್ಕೆ ಅವಳು ಸುತರಾಂ ಒಪ್ಪಲಿಲ್ಲ. ಟ್ರ್ಯಾಕ್ಟರ್ ಓಡಿಸಿ ಹೊಲ ಉಳುವ ಆಟವನ್ನು ಮಗಳು ತೋರಿಸಿದಾಗ ಮಾತ್ರ ಕಣ್ಣರಳಿಸಿದಳು. ಅಂದಿನಿಂದ ದಿನವೂ ಬೆಳಿಗ್ಗೆ ಹತ್ತಕ್ಕೆ, ರಾಮಕೃಷ್ಣನಗರದಿಂದ ನಾನು, ಇಲವಾಲದಿಂದ ಅವಳು, ಫೋನಿನಲ್ಲಿ ಮಾತಾಡಿಕೊಂಡು ಒಂದೇ ಹೊಲ ಉಳುತ್ತೇವೆ. ಹೊಲ ಇರುವುದು ನನ್ನ ಕಂಪ್ಯೂಟರಿನಲ್ಲಿ. ಅದು ನಿಂತರೆ ಅವಳ ಆಟವೂ ನಿಂತಂತೆ.

ದಸರಾ ಮುಗಿದ ವಾರದಿಂದ ಕಾಟ ಶುರುವಾಯಿತು. ಕೂತ ಕಾಲು ಗಂಟೆಗೆ, ಅಕ್ಕ ಟ್ರ್ಯಾಕ್ಟರ್ ತಿರುಗಿಸುವ ಹೊತ್ತಿಗೆ ಸರಿಯಾಗಿ, ಪರದೆ ಕಪ್ಪಾಗುತ್ತಿತ್ತು. ಪತ್ರ ಬರೆದರೆ, ಸುದ್ದಿ ಓದಿದರೆ ಏನೂ ಆಗದು. ನಾನು ಪರದೆಯ ಚಿತ್ರ ಮೂಡಿಸುವ ಆ ಡ್ರೈವರ್ ತಂತ್ರಾಂಶವನ್ನು ಕಿತ್ತು ಹೊಸದು ಹಾಕಿದೆ. ಹೊಸದನ್ನು ಕಿತ್ತು ಹಳೆಯದು ಹಾಕಿದೆ. ಯಂತ್ರಕ್ಕೆ ಭಾರವಾಯಿತೇನೋ ಎಂದು ಹೊಲದ ಹುಲ್ಲು ತೆಗೆದೆ, ಮರಗಳ ನೆರಳು ತೆಗೆದೆ. ಮೂವತ್ತು ವರ್ಷ ಮೋಡಗಳ ಪ್ರಕಾರಗಳನ್ನು ಪಾಠ ಮಾಡಿದವನು ಒಂದೇ ಗುಂಡಿಯೊತ್ತಿ ಆಕಾಶದ ಮೋಡಗಳನ್ನೆಲ್ಲ ರದ್ದುಪಡಿಸಿದೆ. ಪ್ರಯೋಜನವಾಗಲಿಲ್ಲ.

ಮೂರನೆಯ ವಾರ ಅಕ್ಕ ಫೋನಿನಲ್ಲಿ, "ಬುಡು ಕಣೋ, ನನ್ ಕೈನೇ ಏನೋ ತಪ್ಪು ಒತ್ಬುಡುತ್ತೆ. ಆಡಿದ್ದು ಸಾಕು" ಎಂದಳು. ಹಾಗಲ್ಲ ಅಕ್ಕ ಎಂದೆ. ಮರುದಿನ ಹತ್ತಕ್ಕೆ ಅವಳು ಬರಲೇ ಇಲ್ಲ. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಸುಮ್ಮನೆ ಕೂತಿರುತ್ತಾಳೆ ಎಂದು ಅವಳ ಮಗಳು ಹೇಳಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೆಸರೆಗೆ ಹೋದೆ. ಅಲ್ಲಿ ರಿಪೇರಿ ಅಂಗಡಿ ನಡೆಸುವ ಶಬಾನಾ ಅವರು ನನ್ನ ಡ್ರೈವರ್ ಪುರಾಣವನ್ನೆಲ್ಲ ತಾಳ್ಮೆಯಿಂದ ಕೇಳಿ, ಪಕ್ಕದ ಮುಚ್ಚಳ ಬಿಚ್ಚಿ, ಟಾರ್ಚು ಬಿಟ್ಟು ನೋಡಿದರು. ಆಮೇಲೆ, "ಸಾರ್, ಡ್ರೈವರ್ದೇನೂ ತಪ್ಪಿಲ್ಲ. ಆಯುಧಪೂಜೆ ಜೋರಾಗೇ ಮಾಡಿದ್ದೀರ" ಎಂದರು.

ಮಾಡಿದ್ದೆ. ಕತ್ತರಿ, ಸ್ಕೂಟರುಗಳ ಸಾಲಿನಲ್ಲಿ ಕಂಪ್ಯೂಟರನ್ನೂ ಕೂರಿಸಿ, ನಮ್ಮ ಮನೆತನದ ಪದ್ಧತಿಯಂತೆ ಮೂರು ಬೆರಳಿನಲ್ಲಿ ವಿಭೂತಿ ಬಳಿದಿದ್ದೆ. ಅಗಲವಾಗಿ ಅನುಕೂಲವಾಗಿ ಕಂಡದ್ದು ಪಕ್ಕದ ಜಾಲರಿ. ಅದು ಯಂತ್ರ ಉಸಿರಾಡುವ ಜಾಗವೆಂದು ಈ ಪಂಡಿತನಿಗೆ ತಿಳಿದಿರಲಿಲ್ಲ. ಅದರ ಮೇಲೆ ಇಳಿಬಿಟ್ಟ ಚೆಂಡುಹೂವಿನ ಹಾರವನ್ನು ಒಣಗುವವರೆಗೂ ತೆಗೆದಿರಲಿಲ್ಲ. ವಿಭೂತಿಯೂ ಎಸಳೂ ಒಳಗಿಳಿದು, ಹಾರದ ದಾರದ ತುಂಡು ಯಂತ್ರವನ್ನು ತಂಪಾಗಿಡುವ ಫ್ಯಾನಿಗೆ ಸುತ್ತಿಕೊಂಡು, ಆಟದ ಭಾರಕ್ಕೆ ಕಾದ ಗ್ರಾಫಿಕ್ಸ್ ಕಾರ್ಡು ಕೈಚೆಲ್ಲುತ್ತಿತ್ತು. ಶಬಾನಾ ಅವರು ನಗಲಿಲ್ಲ, ಬುದ್ಧಿ ಹೇಳಲಿಲ್ಲ. ದಾರವನ್ನು ಎಳೆಎಳೆಯಾಗಿ ಬಿಡಿಸಿದರು, ಬ್ರಷ್ಷಿನಿಂದ ಬೂದಿ ತೆಗೆದರು. ಎಸಳುಗಳನ್ನು ಕಸದ ಬುಟ್ಟಿಗೆ ಹಾಕದೆ ಕಾಗದದಲ್ಲಿ ಕಟ್ಟಿ, "ದೇವರ ಹೂ ಅಲ್ವಾ ಸಾರ್, ಗಿಡದ ಬುಡಕ್ಕೆ ಹಾಕ್ಬುಡಿ" ಎಂದು ನನ್ನ ಕೈಗೆ ಕೊಟ್ಟರು. ಆ ಪೊಟ್ಟಣಕ್ಕಾಗಿ ನಾನು ಅವರಿಗೆ ಇವತ್ತಿಗೂ ಋಣಿ. ಮೂರು ವಾರ ಸುಮ್ಮಸುಮ್ಮನೆ ಬೈಸಿಕೊಂಡ ಡ್ರೈವರಿಗೂ ಮನಸ್ಸಿನಲ್ಲೇ ಕೈಮುಗಿದೆ.

ಮನೆಗೆ ಬಂದವನೇ ಅಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡದೆ, "ಇನ್ನೊಂದ್ಸಲ ಹೇಳು" ಎಂದಳು. ಮತ್ತೆ ಮೊದಲಿನಿಂದ ಹೇಳಿದೆ.

"ಅಂದ್ರೆ ನನ್ ಕೈದೇನೂ ಇಲ್ಲ."

ಏನೇನೂ ಇಲ್ಲ ಅಕ್ಕ ಎಂದೆ. ಮೂರು ವಾರ ನಾನು ಯಂತ್ರದೊಳಗೆ ತಪ್ಪು ಹುಡುಕುತ್ತಿದ್ದಾಗ ಅವಳು ತನ್ನ ಬೆರಳುಗಳೊಳಗೆ ಹುಡುಕುತ್ತಿದ್ದಳೆಂಬುದು ನನಗೆ ಹೊಳೆದದ್ದು ಆಗ. ಅತ್ತ ಕಡೆಯಿಂದ ಕುರ್ಚಿ ಎಳೆದ ಸದ್ದು ಕೇಳಿಸಿತು.

ಅಂದು ಆಟ ಒಂದು ಗಂಟೆ ನಡೆಯಿತು. ಕೊನೆಯಲ್ಲಿ ಅವಳು ಬೇರೇನೋ ಒತ್ತಿ, ಟ್ರ್ಯಾಕ್ಟರನ್ನು ನೇರ ಬೇಲಿಗೆ ನುಗ್ಗಿಸಿದಳು. ಮತ್ತೆ ಆಟ ಸಾಕೆನ್ನುತ್ತಾಳೇನೋ ಎಂದುಕೊಂಡೆ.

"ಇದು ಮಾತ್ರ ನನ್ ಕೈದೇ ಕಣೋ" ಎಂದು ಅಕ್ಕ ನಕ್ಕಳು.